ಹಳೇ ಕಾರು, ಹೊಸ ಪೆಟ್ರೋಲ್: ಇ20ಗೆ ಗಾಡಿ ಹೊಂದಿಸುವುದು ಹೇಗೆ?

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಡುಗಡೆ ಮಾಡಿದಾಗ ಅದು ದೇಶದ 84 ಬಂಕುಗಳಲ್ಲಷ್ಟೇ ಸಿಗುತ್ತಿತ್ತು. 2025ರ ಹೊತ್ತಿಗೆ ಸಾಮಾನ್ಯ ಪೆಟ್ರೋಲ್ ಎಂದರೇ ಇ20 ಎನ್ನುವಂತಾಯಿತು. ಅಂದರೆ ಪ್ರತಿ ಲೀಟರಿನಲ್ಲಿ ಸುಮಾರು 200 ಮಿ.ಲೀ. ಎಥೆನಾಲ್. ಅದರಲ್ಲಿ ಒಂದು ಪಾಲು ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನ ಹಾಲು, ಕಾಕಂಬಿಯಿಂದ ಬಂದದ್ದು. ಮೆಕ್ಕೆಜೋಳ, ಅಕ್ಕಿಯಿಂದ ತೆಗೆದದ್ದೂ ಇದೆ. ಎಥೆನಾಲ್ ಬೆರೆಸದ ಪೆಟ್ರೋಲೂ ಸಿಗಲಿ ಎಂದು ಹಾಕಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಬಂಕಿನವರ ಜತೆ ವಾದ ಮಾಡಿ ಪ್ರಯೋಜನವಿಲ್ಲ. ಗಾಡಿಯನ್ನೇ ಸಿದ್ಧ ಮಾಡಿಕೊಳ್ಳಬೇಕು.

ಇ20 ಹಾಕಿದ ಮರುದಿನವೇ ಎಂಜಿನ್ ಹೋಗುತ್ತದೆ ಎನ್ನುವ ವಾಟ್ಸ್‌ಆ್ಯಪ್ ವಿಡಿಯೊಗಳನ್ನು ಪಕ್ಕಕ್ಕಿಡಿ. ಏನೂ ಆಗುವುದಿಲ್ಲ ಎನ್ನುವ ಜಾಹೀರಾತನ್ನೂ ಅಲ್ಲೇ ಇಡಿ. ಹಳೇ ಗಾಡಿಯಲ್ಲಿ ನಿಗಾ ಇಡಬೇಕಾದದ್ದು ಎರಡರ ಮೇಲೆ: ರಬ್ಬರ್ ಮತ್ತು ನೀರು.

ಮೊದಲು: ನಿಮ್ಮ ಗಾಡಿ ಯಾವ ಗುಂಪಿನದು?

ಪೆಟ್ರೋಲ್ ಮುಚ್ಚಳದ ಒಳಬದಿ ನೋಡಿ. ಇ20 ಎಂಬ ಸ್ಟಿಕ್ಕರ್ ಇದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಿಲ್ಲ. ಸ್ಟಿಕ್ಕರ್ ಇಲ್ಲದಿದ್ದರೆ ಆರ್‌ಸಿಯಲ್ಲಿ ತಯಾರಾದ ತಿಂಗಳು, ವರ್ಷ ಇರುತ್ತದೆ. 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಲ್ಲಿ ಇಂಧನ ಹರಿಯುವ ಭಾಗಗಳು ಇ20 ತಾಳುವಂಥವು. 2025ರ ಏಪ್ರಿಲ್ ನಂತರದವುಗಳಲ್ಲಿ ಎಂಜಿನ್ನನ್ನೇ ಇ20ಗೆ ಟ್ಯೂನ್ ಮಾಡಿರುತ್ತಾರೆ. 2023ರ ಏಪ್ರಿಲ್‌ಗಿಂತ ಹಳೆಯದಾದರೆ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇಂಧನದ ಪುಟ ತೆರೆಯಿರಿ. ಇ5 ಅಥವಾ ಇ10 ಎಂದಿರುತ್ತದೆ. ಏನೂ ಬರೆದಿಲ್ಲವೆಂದರೆ ಮುಂದಿನದನ್ನು ಇನ್ನಷ್ಟು ಗಮನವಿಟ್ಟು ಓದಿ.

ರಬ್ಬರ್ ಭಾಗಗಳ ತಪಾಸಣೆ

ಮುಂದಿನ ಸರ್ವಿಸ್‌ಗೆ ಬಿಡುವಾಗ "ಜನರಲ್ ಚೆಕಪ್ ಮಾಡಿ" ಎಂದರೆ ಸಾಲದು. ಹೆಸರು ಹಿಡಿದು ಹೇಳಿ: ಪೆಟ್ರೋಲ್ ಹೋಸ್, ಪಂಪಿನ ಸೀಲು, ಇಂಜೆಕ್ಟರಿನ ಓ-ರಿಂಗ್, ಮುಚ್ಚಳದ ಗ್ಯಾಸ್ಕೆಟ್. ಕಾರ್ಬೊರೇಟರ್ ಬೈಕಾದರೆ ಫ್ಲೋಟ್ ಬೌಲಿನ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಗ್ಯಾಸ್ಕೆಟ್ ಕೂಡ. ಹೋಸನ್ನು ಬೆರಳಿನಲ್ಲಿ ಒತ್ತಿ, ಬಗ್ಗಿಸಿ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಉಬ್ಬಿ ಮೆತ್ತಗಾಗಿದ್ದರೂ, ಒಣಗಿ ಬಿರುಕು ಬಿಟ್ಟಿದ್ದರೂ ಬದಲಿಸಬೇಕು. ಹಳೇ ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟ್‌ನಲ್ಲಿ ಹೇಳಿದೆ. ಖರ್ಚು ಕಡಿಮೆ ಎಂದೂ ಅದು ಹೇಳಿದೆ. ಹೋಸು, ಗ್ಯಾಸ್ಕೆಟ್ ಮಟ್ಟಿಗೆ ಅದು ನಿಜ. ಪಂಪನ್ನೇ ಬದಲಿಸುವ ಹಾಗಾದರೆ ಅಲ್ಲ.

ಇದೇ ಸರ್ವಿಸ್‌ನಲ್ಲಿ ಪೆಟ್ರೋಲ್ ಫಿಲ್ಟರ್ ಕೂಡ ಹೊಸದು ಹಾಕಿಸಿ. ಎಥೆನಾಲ್ ಒಳ್ಳೆಯ ದ್ರಾವಕ. ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಜಿಡ್ಡು, ಕಸವನ್ನು ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ.

ನೀರಿನ ಆಟ: ಒಂದು ಜಾಡಿಯಲ್ಲಿ ನೋಡಿ

ಟ್ಯಾಂಕಿನೊಳಗೆ ಏನಾಗುತ್ತದೆ ಎಂದು ಅರ್ಥವಾಗಲು ಈ ಸಣ್ಣ ಪರೀಕ್ಷೆ ಸಾಕು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುವ, ಬಿರಡೆ ಇರುವ 100 ಮಿ.ಲೀ. ಗಾಜಿನ ಅಳತೆ ಜಾಡಿ ತನ್ನಿ. ಮನೆಯ ಹೊರಗೆ, ನೆರಳಿನಲ್ಲಿ ಮಾಡಿ. ಬೀಡಿ, ಸ್ಟವ್ ಯಾವುದೂ ಹತ್ತಿರ ಇರಬಾರದು. ಮಕ್ಕಳು ದೂರ ಇರಲಿ.

ಜಾಡಿಗೆ 50 ಮಿ.ಲೀ. ನೀರು ಹಾಕಿ, ಅದರ ಮೇಲೆ 100ರ ಗೆರೆ ಮುಟ್ಟುವ ತನಕ ಪೆಟ್ರೋಲ್ ಸುರಿಯಿರಿ. ಬಿರಡೆ ಹಾಕಿ ನಿಧಾನವಾಗಿ ಕೆಲವು ಸಲ ಮೇಲೆ ಕೆಳಗೆ ಮಾಡಿ. ನಡುವೆ ಬಿರಡೆ ಸ್ವಲ್ಪ ಸಡಿಲಿಸಿ ಆವಿ ಹೋಗಲು ಬಿಡಿ. ಹತ್ತು ನಿಮಿಷ ಅಲುಗಿಸದೆ ಇಡಿ. ಮೊದಲು ಕದಡಿದಂತೆ ಕಾಣುತ್ತದೆ, ಆಮೇಲೆ ನಡುವೆ ಸ್ಪಷ್ಟವಾದ ಗೆರೆ ಮೂಡುತ್ತದೆ. ಆ ಗೆರೆ ಈಗ 50ರಲ್ಲಿ ಇರುವುದಿಲ್ಲ, 60ರ ಆಸುಪಾಸಿಗೆ ಏರಿರುತ್ತದೆ. ಪೆಟ್ರೋಲಿನಲ್ಲಿದ್ದ ಎಥೆನಾಲ್ ಅದನ್ನು ಬಿಟ್ಟು ನೀರಿನ ಜತೆ ಸೇರಿತು. ಏರಿದ 10 ಮಿ.ಲೀ. ಎಂದರೆ 50ರಲ್ಲಿ ಶೇ 20. ಒಂದೆರಡು ಮಿ.ಲೀ. ಆಚೀಚೆಯಾದರೆ ಬಂಕಿನವರನ್ನು ದೂರಬೇಡಿ, ಇದು ಅಂದಾಜು ಪರೀಕ್ಷೆ. ಜಾಡಿಯಲ್ಲಿರುವುದನ್ನು ಮತ್ತೆ ಟ್ಯಾಂಕಿಗೆ ಸುರಿಯಬೇಡಿ, ಚರಂಡಿಗೂ ಚೆಲ್ಲಬೇಡಿ. ಹಳೇ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಟ್ಯಾಂಕಿನಲ್ಲಿ ನಡೆಯುವುದೂ ಇದೇ. ಸ್ವಲ್ಪ ನೀರು ಸೇರಿದರೆ ಎಥೆನಾಲ್ ಅದನ್ನು ಕರಗಿಸಿಕೊಂಡು ಎಂಜಿನ್ ಮೂಲಕ ಹೊರಗೆ ಹಾಕಿಬಿಡುತ್ತದೆ. ಇದು ಒಳ್ಳೆಯದೇ. ಮಿತಿ ಮೀರಿದರೆ ಮಾತ್ರ ನೀರು, ಎಥೆನಾಲ್ ಎರಡೂ ಒಟ್ಟಿಗೆ ತಳಕ್ಕಿಳಿಯುತ್ತವೆ. ಪಂಪು ಹೀರುವುದು ತಳದಿಂದಲೇ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ಜರ್ಕ್ ಹೊಡೆದು ನಿಲ್ಲುತ್ತದೆ. ಹಾಗಾದಾಗ ಸೆಲ್ಫ್ ಒತ್ತುತ್ತಲೇ ಇರಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ. ಮೇಲೆ ಹೊಸ ಪೆಟ್ರೋಲ್ ಸುರಿದರೆ ಸರಿಹೋಗುತ್ತದೆ ಎಂಬುದು ಭ್ರಮೆ.

ಆದ್ದರಿಂದ ಮಳೆಗಾಲಕ್ಕೆ ಮುಂಚೆ ಮುಚ್ಚಳದ ರಬ್ಬರ್ ನೋಡಿ. ಕರಾವಳಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಕಾಲು ಟ್ಯಾಂಕಿನಲ್ಲಿ ಬಿಡಬೇಡಿ. ಖಾಲಿ ಜಾಗದ ತೇವದ ಗಾಳಿಯೇ ನೀರಾಗಿ ಇಳಿಯುತ್ತದೆ, ತಗಡಿನ ಟ್ಯಾಂಕಾದರೆ ತುಕ್ಕೂ ಹಿಡಿಯುತ್ತದೆ. ಟ್ಯಾಂಕ್ ತುಂಬಿಸಿಡಿ. ಹಳೇ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲ್ ಖಾಲಿ ಮಾಡಿಡಿ.

ಮೈಲೇಜ್ ಲೆಕ್ಕ

ಕಾರಿನ ಮೀಟರ್ ತೋರಿಸುವುದನ್ನು ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಮುಂದಿನ ಸಲ ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿ.ಮೀ.ಯನ್ನು ತುಂಬಿಸಿದ ಲೀಟರಿನಿಂದ ಭಾಗಿಸಿ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೆ ಎಥೆನಾಲಿನಲ್ಲಿ ಸುಮಾರು 21. ಶೇ 20 ಬೆರೆಸಿದಾಗ ಲೀಟರಿನ ಶಕ್ತಿ ಸುಮಾರು ಶೇ 7ರಷ್ಟು ಇಳಿಯುತ್ತದೆ. ಇ10ಗೆ ಹೊಂದಿಸಿದ ಹಳೇ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೂ ಅಂದಾಜು ಮಾಡಿತ್ತು. ಲೀಟರಿಗೆ 15 ಕೊಡುತ್ತಿದ್ದ ಕಾರು 14 ಕೊಟ್ಟರೆ ಅದು ಎಥೆನಾಲಿನ ಪಾಲು. 11ಕ್ಕೆ ಇಳಿದಿದ್ದರೆ ಬೇರೇನೋ ಕೆಟ್ಟಿದೆ, ಪ್ಲಗ್, ಏರ್ ಫಿಲ್ಟರ್, ಟೈರಿನ ಗಾಳಿ ನೋಡಿಸಿ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವವರಿಗೆ ಸುಮಾರು ಐದು ಲೀಟರ್ ಹೆಚ್ಚು ಖರ್ಚು. ಶಕ್ತಿ ಕಡಿಮೆಯಾದ ಇಂಧನಕ್ಕೆ ಬೆಲೆಯೂ ಕಡಿಮೆಯಾಗಬೇಕಿತ್ತು, ಆಗಿಲ್ಲ. ಎಥೆನಾಲಿನ ಖರೀದಿ ದರವೇ ಲೀಟರಿಗೆ 70 ರೂಪಾಯಿ ದಾಟಿದೆ ಎನ್ನುವುದು ಸರ್ಕಾರದ ಉತ್ತರ. ಗ್ರಾಹಕನ ಜೇಬಿಗೆ ಅದರಿಂದ ಸಮಾಧಾನವಿಲ್ಲ.

"ಎಥೆನಾಲ್ ತೆಗೆಯುವ" ಬಾಟಲಿಗಳಿಗೆ ದುಡ್ಡು ಸುರಿಯಬೇಡಿ. ಕೆಲವು ತುಕ್ಕು ತಡೆಯಬಹುದು, ಆದರೆ ಹೋದ ಮೈಲೇಜನ್ನು ಯಾವ ಬಾಟಲಿಯೂ ತರುವುದಿಲ್ಲ.

ಪೂರ್ತಿ ಎಥೆನಾಲ್ ಹಾಕಬಹುದೇ?

ಸಾಮಾನ್ಯ ಕಾರಿಗೆ ಬೇಡವೇ ಬೇಡ. ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಎಥೆನಾಲಿಗೆ 9 ಕೆ.ಜಿ. ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರ್ ಒಂದೂವರೆ ಪಟ್ಟಿಗಿಂತ ಹೆಚ್ಚು ಇಂಧನ ಚಿಮ್ಮಿಸಬೇಕು. ನಿಮ್ಮ ಕಾರಿನ ಇಸಿಯುಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಆ ಅಂದಾಜೇ ಇಲ್ಲ. ಸ್ಪಿರಿಟ್, ಸ್ಯಾನಿಟೈಸರ್ ಸುರಿದು ಪ್ರಯೋಗ ಮಾಡುವವರು ಎಂಜಿನ್ ರಿಪೇರಿಗೆ ದುಡ್ಡು ತೆಗೆದಿಟ್ಟುಕೊಳ್ಳಲಿ.

ಅದಕ್ಕೆ ಬೇಕಾದದ್ದು ಫ್ಲೆಕ್ಸ್ ಫ್ಯೂಯೆಲ್ ಕಾರು. ಟ್ಯಾಂಕಿನಲ್ಲಿ ಎಷ್ಟು ಎಥೆನಾಲ್ ಇದೆ ಎಂದು ತಾನೇ ಲೆಕ್ಕ ಹಾಕಿ ಇಂಧನ ಹೊಂದಿಸುವ ಇಂಥ ಕಾರುಗಳು ಬ್ರೆಜಿಲ್‌ನಲ್ಲಿ 2003ರಿಂದಲೇ ಮಾರಾಟಕ್ಕಿವೆ. ಅಲ್ಲಿನ ಬಂಕುಗಳಲ್ಲಿ ಪೆಟ್ರೋಲ್, ಎಥೆನಾಲ್ ಎರಡೂ ಸಿಗುತ್ತವೆ, ಬೆಲೆ ಬೇರೆ ಬೇರೆ. ಎಥೆನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಎಥೆನಾಲ್ ಹಾಕಿಸುತ್ತಾರೆ, ಇಲ್ಲದಿದ್ದರೆ ಪೆಟ್ರೋಲ್. ನಮ್ಮಲ್ಲಿ ಫ್ಲೆಕ್ಸ್ ಕಾರು ಕೊಳ್ಳುವ ಯೋಚನೆ ಇರುವವರು ಷೋರೂಮಿನಲ್ಲಿ ಬೆಲೆ ಕೇಳುವ ಮೊದಲು, ತಾವು ಓಡಾಡುವ ದಾರಿಯಲ್ಲಿ ಆ ಇಂಧನ ಸಿಗುವ ಬಂಕ್ ಎಲ್ಲಿದೆ, ಅಲ್ಲಿ ಲೀಟರಿಗೆ ಎಷ್ಟು ಎಂದು ವಿಚಾರಿಸಿ.