ಬೆಳಿಗ್ಗೆ ಎದ್ದಾಗ ಬೆರಳು ಮಡಚೋಕಾಗ್ತಿಲ್ವಾ? ಸಂಧಿವಾತ ಗುರುತಿಸುವುದು ಹೀಗೆ

ನಮ್ಮ ಬಾಗಲಕೋಟೆ ಕಡೆ ಕೀಲು ನೋವು ಅಂದ್ರೆ ಸಾಕು, ‘ವಾಯು ಆಗೇತಿ, ಎಣ್ಣಿ ಹಚ್ಚು’ ಅಂತಾರೆ. ಆದರೆ ವಯಸ್ಸಾಗಿ ಮಂಡಿ ಸವೆಯುವುದು ಬೇರೆ, ರುಮಟಾಯ್ಡ್ ಸಂಧಿವಾತ ಬೇರೆ. ಇದರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತದೆ. ಪದರ ಊದಿಕೊಂಡು, ಬರಬರುತ್ತಾ ಪಕ್ಕದ ಎಲುಬನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಿಗೆ 2–3 ಪಟ್ಟು ಜಾಸ್ತಿ. ಮೂವತ್ತರ ವಯಸ್ಸಿನವರಿಗೂ ಬರುತ್ತದೆ.

ಮೊದಲು, ನೋವು ಯಾವಾಗ ಅಂತ ಗಮನಿಸಿ. ಮಂಡಿ ಸವೆತದ ನೋವು ಓಡಾಡಿದಷ್ಟೂ ಏರಿ ಸಂಜೆಗೆ ಜೋರಾಗುತ್ತದೆ. ಸಂಧಿವಾತದ್ದು ಉಲ್ಟಾ. ಬೆಳಿಗ್ಗೆ ಕೈ ಬಿಗಿದುಕೊಂಡಿರುತ್ತದೆ, ಜೋಳದ ಹಿಟ್ಟು ನಾದಲು ಮುಷ್ಟಿ ಕಟ್ಟೋಕಾಗಲ್ಲ, ರೊಟ್ಟಿ ಬಡಿಯಲು ಅಂಗೈ ಚಾಚೋಕಾಗಲ್ಲ, ಒಂದು ತಾಸಾದ ಮೇಲೆ ಕೆಲಸ ಮಾಡ್ತಾ ಮಾಡ್ತಾ ಸಡಿಲಾಗುತ್ತದೆ.

ಆಮೇಲೆ ಯಾವ ಕೀಲು ನೋಡಿ. ಬೆರಳಿನ ಬುಡ, ನಡುವಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳ ಬುಡ. ಉಗುರಿನ ಹತ್ತಿರದ ಗೆಣ್ಣಿಗೆ ಸಾಮಾನ್ಯವಾಗಿ ಬರಲ್ಲ. ಹೆಚ್ಚಾಗಿ ಎರಡೂ ಕೈಗೆ ಬರುತ್ತದೆ. ಮುಟ್ಟಿದರೆ ಊತ ಮೆತ್ತಗೆ, ಬೆಚ್ಚಗೆ. ದಿನವೂ ಹಾಕುವ ಉಂಗುರ ಗೆಣ್ಣು ದಾಟಲ್ಲ. ಮಧ್ಯಾಹ್ನಕ್ಕೆ ಊತ ಇಳಿದುಬಿಡಬಹುದು, ಅದಕ್ಕೇ ಬೆಳಿಗ್ಗೆಯೇ ಮೊಬೈಲಲ್ಲಿ ಫೋಟೊ ತೆಗೆದಿಡಿ, ಡಾಕ್ಟರಿಗೆ ತೋರಿಸೋಕೆ ಬೇಕು. ಸುಸ್ತು, ಸಣ್ಣ ಜ್ವರ, ತೂಕ ಇಳಿಯುವುದು ಇದ್ದರೆ ಅದನ್ನೂ ಹೇಳಿ. ಈಚೆಗೆ ಚಿಕೂನ್‌ಗುನ್ಯಾ ಆಗಿದ್ದರೆ ಮರೆಯದೆ ಹೇಳಿ, ಅದರಲ್ಲೂ ಕೀಲು ಹೀಗೇ ಹಿಡಿಯುತ್ತದೆ.

ಊತ ಕೆಲವು ವಾರದಲ್ಲಿ ಇಳಿಯದಿದ್ದರೆ ಇನ್ನು ಕಾಯಬೇಡಿ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ (ಇವೆರಡು ರಕ್ತದಲ್ಲಿ ಈ ರೋಗದ ಗುರುತು ಹುಡುಕುತ್ತವೆ), ಇಎಸ್‌ಆರ್, ಸಿಆರ್‌ಪಿ (ಇವೆರಡು ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುತ್ತವೆ) ಅಂತ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ರಿಪೋರ್ಟ್ ನೆಗೆಟಿವ್ ಬಂತು ಅಂತ ರೋಗ ಇಲ್ಲವೇ ಇಲ್ಲ ಅನ್ನೋಕಾಗಲ್ಲ, ಕೆಲವರಿಗೆ ರೋಗವಿದ್ದೂ ನೆಗೆಟಿವ್ ಬರುತ್ತದೆ. ಕೀಲು ಮೊದಲ ಎರಡು ವರ್ಷದಲ್ಲೇ ಹಾಳಾಗತೊಡಗಬಹುದು. ಇಂಜೆಕ್ಷನ್ ಮಾಡಿಸಿಕೊಂಡು ನಾಲ್ಕು ದಿನ ಆರಾಮಾದೆ ಅಂತ ಊರೂರು ತಿರುಗೋದರಲ್ಲಿ ಆ ಕಾಲ ಕಳೆದುಹೋಗುತ್ತದೆ, ಅದೇ ನನಗೆ ಸಂಕಟ.

ಕೊನೆಯದು ಗುಳಿಗೆ, ಇಲ್ಲಿ ಹುಷಾರಾಗಿರಿ. ಹೆಚ್ಚಾಗಿ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೊಳ್ಳುವ ಔಷಧಿ. ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಗುಳಿಗೆಯ ಪಟ್ಟಿಯ ಮೇಲೆ ಡಾಕ್ಟರ್ ಹೇಳಿದ ವಾರವನ್ನು, ಉದಾಹರಣೆಗೆ ‘ಸೋಮವಾರ ಮಾತ್ರ’ ಅಂತ ಪೆನ್ನಲ್ಲಿ ದಪ್ಪಗೆ ಬರೆದಿಡಿ, ಮನೆಯವರಿಗೂ ಹೇಳಿಡಿ. ಗುಣ ಕಾಣೋಕೆ 6ರಿಂದ 12 ವಾರ ಬೇಕು, ನಡುವೆ ಬಿಡಬೇಡಿ. ಲಿವರ್ ಮತ್ತು ರಕ್ತದ ಪರೀಕ್ಷೆ ಹೇಳಿದ ದಿನ ಮಾಡಿಸಿ. ಮಗು ಬೇಕು ಅಂತಿದ್ದರೆ ಈ ಗುಳಿಗೆ ಶುರು ಮಾಡುವ ಮೊದಲೇ ಡಾಕ್ಟರಿಗೆ ತಿಳಿಸಿ.