ಸಂಪ್‌ನಲ್ಲಿ ಟೆಸ್ಟ್ ಮಾಡಿ ದೋಣಿಗೆ ಅಂಟಿಸಿದ ಡೆಪ್ತ್ ಸೌಂಡರ್
ನನ್ನ ಹತ್ರ ಇರೋದು 18 ಅಡಿಯ ಹಳೇ ಫೈಬರ್ ಹಾಯಿದೋಣಿ, ಮಳೆಗಾಲ ಪೂರ್ತಿ ವಿದ್ಯಾರಣ್ಯಪುರದ ನಮ್ಮನೆ ಕಾಂಪೌಂಡ್‌ನಲ್ಲಿ ಟ್ರೇಲರ್ ಮೇಲೆ ಟಾರ್ಪಾಲ್ ಹೊದ್ಕೊಂಡು ಮಲಗಿರುತ್ತೆ, ಆಮೇಲೆ ಕೆಆರ್‌ಎಸ್ ಹಿನ್ನೀರಿಗೆ. ಡ್ಯಾಂ 124.8 ಅಡಿ ತುಂಬಿದಾಗ ಆಳದ ಚಿಂತೆ ಇಲ್ಲ, ಬೇಸಿಗೆ ಬಂತಂದ್ರೆ ಹೋದ ತಿಂಗ್ಳು ಆರಾಮಾಗಿ ದಾಟಿದ್ದ ಜಾಗದಲ್ಲೇ ಬಂಡೆ ಕೀಲ್‌ಗೆ, ಅಂದ್ರೆ ದೋಣಿ ತಳದಿಂದ ಕೆಳಕ್ಕೆ ಚಾಚಿರೋ ರೆಕ್ಕೆಗೆ, ಬಡಿಯುತ್ತೆ. ಅದಕ್ಕೇ ಬೇಕು ಡೆಪ್ತ್ ಸೌಂಡರ್, ನೀರೊಳಗೆ ಶಬ್ದ ಬಿಟ್ಟು ಅದು ನೆಲಕ್ಕೆ ಬಡಿದು ವಾಪಸ್ ಬರೋ ಹೊತ್ತಿನ ಮೇಲೆ ಆಳ ಹೇಳೋ ಸಾಧನ.

ಹಳೇ ಟ್ರಾನ್ಸ್‌ಡ್ಯೂಸರ್, ಅಂದ್ರೆ ಆ ಶಬ್ದ ಬಿಟ್ಟು ವಾಪಸ್ ಕೇಳಿಸ್ಕೊಳ್ಳೋ ಭಾಗ, ದೋಣಿ ಹಿಂದುಗಡೆ ಸ್ಕ್ರೂ ಹಾಕಿದ್ದು. ಗಾಳಿಗೆ ದೋಣಿ ವಾಲಿದ್ರೆ ಅದು ನೀರಿಂದ ಮೇಲೆ ಬರ್ತಿತ್ತು, ಬೇಕಾದ ಹೊತ್ತಲ್ಲೇ ಸ್ಕ್ರೀನ್ ಮೇಲೆ ಬರೀ ಗೀಟು. ಅದಕ್ಕೆ ಈ ಸಲ ತಳಕ್ಕೆ ತೂತು ಹೊಡೀದೆ, ಒಳಗಡೆಯಿಂದಾನೇ ಅಂಟಿಸೋ ತರದ್ದು ತಗೊಂಡೆ, 200 ಕಿಲೋಹರ್ಟ್ಜ್‌ದು. ತಳ ಗಟ್ಟಿ ಫೈಬರ್ ಆಗಿದ್ರೆ ಶಬ್ದ ಅದರ ಮೂಲಕ ಹಾದು ಹೋಗುತ್ತೆ, ಮಧ್ಯ ಫೋಮ್ ಅಥವಾ ಬಾಲ್ಸಾ ಮರ ತುಂಬಿದ್ರೆ ಇಲ್ಲ.

ಮೊದ್ಲು ಸಾಮಾನು ಕೆಲಸ ಮಾಡುತ್ತಾ ನೋಡ್ಬೇಕಲ್ಲ, ಮನೇಲಿರೋ ಆಳದ ನೀರು ಅಂದ್ರೆ ಸಂಪ್ ಒಂದೇ. ಮುಚ್ಚಳ ತೆಗೆದು ಬಿಡ್ತಾ ಇದ್ರೆ ಅಮ್ಮ ಓಡಿ ಬಂದ್ರು, "ಇವತ್ತು ತಾನೇ ಕಾವೇರಿ ನೀರು ಬಂದಿದೆ, ಕರೆಂಟ್ ಸಾಮಾನು ಬಿಡ್ತಿದ್ದೀಯಲ್ಲೋ!" 12 ವೋಲ್ಟ್ ಬ್ಯಾಟರಿ ಅಮ್ಮ, ತೊಳ್ದಿದ್ದೀನಿ ಅಂದ್ರೂ ಕೇಳ್ಲಿಲ್ಲ. ಬೈಸ್ಕೊಂಡ್ರೂ ರೀಡಿಂಗ್ ಸಿಕ್ತು, 1.7 ಮೀಟರ್, ಕೋಲಿಟ್ಟು ಅಳೆದಿದ್ದಕ್ಕೆ ಸರಿಹೋಯ್ತು.

ಅಂಟಿಸೋದ್ರಲ್ಲೇ ನಾನು ಎಡವಿದ್ದು. ಅವಸರಕ್ಕೆ ಬಿದ್ದು ಐದು ನಿಮಿಷಕ್ಕೆ ಗಟ್ಟಿಯಾಗೋ ಎಪಾಕ್ಸಿ ತಂದು, ಮೊಟ್ಟೆ ಕದಡೋ ಹಾಗೆ ಕದಡಿ ಸುರಿದ್ಬಿಟ್ಟೆ. ಗುಳ್ಳೆ ಮೇಲೆ ಬರೋಕೆ ಮುಂಚೆ ಕಲ್ಲಾಯ್ತು. ಗಾಳಿ ಪದರ ಸಿಕ್ಕಿದ್ರೆ ಶಬ್ದ ಅಲ್ಲಿಂದಾನೇ ವಾಪಸ್, ನೀರಿಗೆ ಇಳಿಯೋದೇ ಇಲ್ಲ. ದೋಣಿ ನೀರಿಗೆ ಬಿಟ್ಟ ಮೇಲೆ ಗೊತ್ತಾಯ್ತು, ಮೂರು ಮೀಟರ್ ಇರೋ ಕಡೆ 0.6 ತೋರಿಸ್ತು. ಮನೆಗೆ ತಂದು ಉಳಿ ಸುತ್ತಿಗೆಲಿ ಕಿತ್ತು ತೆಗೆಯೋಕೆ ಅರ್ಧ ದಿನ ಹೋಯ್ತು, ಪುಣ್ಯಕ್ಕೆ ಪೀಸ್ ಒಡೀಲಿಲ್ಲ.

ಎರಡನೇ ಸಲ ಅಂಟಿಸೋಕೆ ಮುಂಚೇನೇ ಹಿನ್ನೀರಲ್ಲಿ ಜಾಗ ಹುಡುಕಿದೆ, ಪ್ಲಾಸ್ಟಿಕ್ ಕವರ್‌ಗೆ ನೀರು ತುಂಬಿ, ಗಾಳಿ ತೆಗೆದು, ಅದ್ರೊಳಗೆ ಟ್ರಾನ್ಸ್‌ಡ್ಯೂಸರ್ ಇಟ್ಟು ಗಂಟು ಹಾಕಿ, ಒದ್ದೆ ತಳದ ಮೇಲೆ ಅಲ್ಲಿ ಇಲ್ಲಿ ಒತ್ತಿ ನೋಡೋದು ಅಷ್ಟೇ. ಕೀಲ್‌ಗಿಂತ ಒಂದಡಿ ಮುಂದೆ ಚೆನ್ನಾಗಿ ಸಿಕ್ತು, ಮಾರ್ಕರ್‌ನಲ್ಲಿ ಗೀಟು ಹಾಕ್ಕೊಂಡೆ. ಮನೇಲಿ ಆ ಜಾಗದ ಪೇಂಟ್ ಪೂರ್ತಿ ಹೋಗೋವರೆಗೂ 80 ನಂಬರ್ ಉಪ್ಪು ಕಾಗದ ಹೊಡೆದು, ಅಸಿಟೋನ್‌ನಲ್ಲಿ ಒರೆಸಿ, ಪಿವಿಸಿ ಪೈಪ್ ತುಂಡನ್ನ ಕಟ್ಟೆ ತರ ಕೂರಿಸಿ, ನಿಧಾನಕ್ಕೆ ಗಟ್ಟಿಯಾಗೋ ಎಪಾಕ್ಸಿ ಮೆಲ್ಲಗೆ ಕಲಸಿ ಸುರಿದೆ. ಟ್ರಾನ್ಸ್‌ಡ್ಯೂಸರ್‌ನ ಓರೆಯಾಗಿ ಇಳಿಸಿ, ತಿರುವ್ತಾ ಒತ್ತಿದ್ರೆ ಕೆಳಗಿನ ಗುಳ್ಳೆ ಪಕ್ಕಕ್ಕೆ ಜಾರುತ್ತೆ. ಒಂದಿಡೀ ದಿನ ಮುಟ್ಟಲಿಲ್ಲ.

ಕೇಬಲ್ ಉದ್ದ ಆಯ್ತು ಅಂತ ಕತ್ತರಿಸಬೇಡಿ, ಸುತ್ತಿಡಿ. ಎಲೆಕ್ಟ್ರಿಷಿಯನ್‌ಗಳು ಪೈಪ್‌ನಲ್ಲಿ ವೈರ್ ಎಳೆಯೋ ಸ್ಪ್ರಿಂಗ್ ಇದ್ಯಲ್ಲ, ಅದ್ರಲ್ಲೇ ಎಳೆದೆ. ಸ್ಕ್ರೀನ್‌ನಲ್ಲಿ ಬರೋ ನೀರಿನ ಟೆಂಪರೇಚರ್ ಈಗ ಸುಳ್ಳು ಹೇಳುತ್ತೆ, ಅದು ತೋರಿಸೋದು ದೋಣಿ ತಳದ್ದು, ಪರ್ವಾಗಿಲ್ಲ.

ಕೊನೇಗೆ ಹಗ್ಗಕ್ಕೆ ಒಂದು ಕೆಜಿ ತೂಕದ ಕಲ್ಲು ಕಟ್ಟಿ ಇಳಿಬಿಟ್ಟು ಅಳೆದೆ, 3.4 ಮೀಟರ್. ಸ್ಕ್ರೀನ್ 3.1, ಟ್ರಾನ್ಸ್‌ಡ್ಯೂಸರ್ ಇರೋದೇ ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗೆ, ಸರಿಹೋಯ್ತು. ಕೀಲ್ ಅದಕ್ಕಿಂತ ಇನ್ನೂ 90 ಸೆಂಟಿಮೀಟರ್ ಕೆಳಗಿರೋದ್ರಿಂದ ಆಫ್‌ಸೆಟ್, ಅಂದ್ರೆ ರೀಡಿಂಗ್‌ಗೆ ಕೂಡಿಸೋ ಇಲ್ಲಾ ಕಳೆಯೋ ಅಳತೆ, ಮೈನಸ್ 0.9 ಕೊಟ್ಟೆ, ಈಗ ಸೊನ್ನೆ ಬಂದ್ರೆ ಕೀಲ್ ನೆಲ ಮುಟ್ಟಿದೆ ಅಂತಾನೇ ಲೆಕ್ಕ.