ಬಂಕ್ ಪಕ್ಕದ ಮಣ್ಣು ತೆಗೆಯುವಾಗ ಕಲಿತದ್ದು

ತೋಟದ ಮಣ್ಣು ಪರೀಕ್ಷೆ ಬಹಳ ಜನಕ್ಕೆ ಗೊತ್ತು. ಹತ್ತು ಕಡೆ ಗುಂಡಿ ತೋಡಿ, ಮಣ್ಣನ್ನೆಲ್ಲ ಗೋಣಿ ಮೇಲೆ ಬೆರೆಸಿ, ನಾಲ್ಕು ಪಾಲು ಮಾಡಿ, ನೆರಳಲ್ಲಿ ಒಣಗಿಸಿ ಅರ್ಧ ಕೆಜಿ ಕಳಿಸುತ್ತೇವೆ. ಸೋರಿಕೆ ಹುಡುಕಲು ಪೆಟ್ರೋಲ್ ಟ್ಯಾಂಕಿನ ಸುತ್ತ ಮಣ್ಣು ತೆಗೆಯುವಾಗ ಹೀಗೆ ಮಾಡಲೇಬಾರದು. ನಾನು ಮೊದಲ ಸಲ ಮಾಡಿದ್ದು ಅದನ್ನೇ. ಕರಾವಳಿಯ ಒಂದು ಹಳೇ ಬಂಕ್, ಪಕ್ಕದ ಮನೆಯ ಬಾವಿ ನೀರಲ್ಲಿ ಪೆಟ್ರೋಲ್ ವಾಸನೆ, ಆದರೂ ಲ್ಯಾಬ್ ವರದಿಯಲ್ಲಿ ಬೆಂಜೀನ್ (ಪೆಟ್ರೋಲಿನಲ್ಲಿರುವ, ಬೇಗ ಆವಿಯಾಗುವ ವಿಷ) ಇಲ್ಲ! ಅದು ಬೆರೆಸುವಾಗಲೇ ಗಾಳಿಗೆ ಹೋಗಿತ್ತು. ಮೇ ತಿಂಗಳ ಬಿಸಿಲಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಎಷ್ಟು ಉಳಿದೀತು ಹೇಳಿ.

ಎರಡನೇ ಸಲ ಬಂಕಿನ ನಕ್ಷೆ ಮುಂದಿಟ್ಟುಕೊಂಡು, ಟ್ಯಾಂಕ್, ಪೈಪು, ಕರೆಂಟ್ ಕೇಬಲ್ ಎಲ್ಲಿವೆ ಅಂತ ನೆಲದ ಮೇಲೆ ಸುಣ್ಣದಲ್ಲಿ ಗುರುತು ಹಾಕಿ, ಆಮೇಲೆ ಕೊರೆದೆವು. ಟ್ಯಾಂಕಿನ ತಳಕ್ಕಿಂತ ಒಂದು ಮೀಟರ್ ಆಳಕ್ಕೆ ಹೋಗಬೇಕು, ಮೇಲಿನ ಮಣ್ಣು ಮಾತ್ರ ನೋಡಿ ಪ್ರಯೋಜನವಿಲ್ಲ. ಪ್ರತಿ ಅರ್ಧ ಮೀಟರಿಗೆ ಸ್ವಲ್ಪ ಮಣ್ಣನ್ನು ಜಿಪ್ ಕವರಿನಲ್ಲಿ ಅರ್ಧ ತುಂಬಿ, ಹತ್ತು ನಿಮಿಷ ಬಿಟ್ಟು, ಪಿಐಡಿ ಮೀಟರಿನ (ಗಾಳಿಯಲ್ಲಿರುವ ಪೆಟ್ರೋಲ್ ಆವಿ ಅಳೆಯುವ ಕೈ ಉಪಕರಣ) ಮೂತಿ ಒಳಗಿಟ್ಟು ಆವಿ ಅಳೆದೆ. ಇದು ಲ್ಯಾಬಿಗೆ ಬದಲಲ್ಲ. ಯಾವ ಆಳದ ಮಣ್ಣು ಕಳಿಸಬೇಕು ಅನ್ನೋದು ಮಾತ್ರ ಇದರಿಂದ ಗೊತ್ತಾಗುತ್ತದೆ.

ಲ್ಯಾಬಿಗೆ ಹೋಗುವ ಮಣ್ಣನ್ನು ಆ ಕವರಿನಿಂದ ತೆಗೆಯಬಾರದು. ಮೇಲೆ ಬಂದ ಕೋರಿನಿಂದಲೇ (ಕೊರೆದಾಗ ಉದ್ದಕ್ಕೆ ಹಾಗೇ ಬರುವ ಮಣ್ಣಿನ ತುಂಡು), ತುದಿ ಕತ್ತರಿಸಿದ ಸಿರಿಂಜಿನಲ್ಲಿ ಐದು ಗ್ರಾಮಿನಷ್ಟು ಚುಚ್ಚಿ ತೆಗೆದು, ಆವಿಯನ್ನು ಹಿಡಿದಿಡುವ ಮೆಥನಾಲ್ ದ್ರವ ಇರುವ ವಯಲಿಗೆ, ಅಂದರೆ ಗಾಜಿನ ಪುಟ್ಟ ಬಾಟಲಿಗೆ, ಹಾಕಿ ತಕ್ಷಣ ಮುಚ್ಚಬೇಕು. ವಯಲಿನ ಬಾಯಿಗೆ ಮಣ್ಣಿನ ಒಂದು ಕಣ ಅಂಟಿದರೂ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಆವಿ ಸೋರುತ್ತದೆ. ಆಮೇಲೆ ಐಸ್ ಪೆಟ್ಟಿಗೆ. ಜೊತೆಗೆ ಮಣ್ಣಿಲ್ಲದ ಒಂದು ವಯಲನ್ನೂ ಇಟ್ಟು ಕಳಿಸಿ, ದಾರಿಯಲ್ಲಿ ವಾಸನೆ ಸೇರಿದ್ದರೆ ಗೊತ್ತಾಗಲಿ. ಅದೇ ಭಯಕ್ಕೆ ಅವತ್ತು ನಾನು ನನ್ನ ಬೈಕಿಗೂ ಪೆಟ್ರೋಲ್ ಹಾಕಿಸಲಿಲ್ಲ.

ನಾವು ಹುಡುಕಿದ್ದು ಟ್ಯಾಂಕಿನ ಕೆಳಗೆ, ಸಿಕ್ಕಿದ್ದು ಪಂಪಿಗೆ ಹೋಗುವ ಪೈಪಿನ ಜಾಯಿಂಟ್ ಹತ್ತಿರ. ಅಲ್ಲಿನ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ತೂತು ಜಾಸ್ತಿ ಅಲ್ವಾ, ಸೋರಿದ್ದು ನೇರ ಕೆಳಗಿಳಿಯದೆ ಬಾವಿ ಕಡೆಗೆ ಓರೆಯಾಗಿ ಹರಿದಿತ್ತು. ಪೈಪಿಗೆ ಒತ್ತಡ ಹಾಕಿ ನೋಡಿದಾಗ ಒತ್ತಡ ನಿಲ್ಲದೆ ಇಳಿಯಿತು. ಆ ಮನೆಯವರಿಗೆ ಬಾವಿ ನೀರು ಕುಡಿಯಬೇಡಿ ಅಂತ ಮೊದಲ ದಿನವೇ ಹೇಳಿದ್ದೆ. ಕೊರೆದ ತೂತುಗಳನ್ನು ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿಮಣ್ಣು) ಹಾಕಿ ಮುಚ್ಚಿಯೇ ಬಂದೆವು, ಇಲ್ಲದಿದ್ದರೆ ಜೂನ್ ಮಳೆಗೆ ಅವೇ ಹೊಸ ದಾರಿಯಾಗುತ್ತಿದ್ದವು.